ಫುಲ್ ಫ್ರೇಮೋ, ಕ್ರಾಪೋ? ಹೆಗಲನ್ನೂ ಒಮ್ಮೆ ಕೇಳಿ ನೋಡಿ

ಕ್ಯಾಮೆರಾ ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ ಈಗ ಬದಲಾಗಿದೆ. ಹದಿನೈದು ವರ್ಷಗಳ ಹಿಂದೆ “ಎಷ್ಟು ಮೆಗಾಪಿಕ್ಸೆಲ್?” ಎಂದು ಕೇಳುತ್ತಿದ್ದರು. ಈಗ “ಫುಲ್ ಫ್ರೇಮ್ ತಗೊಳ್ಳಲಾ, ಕ್ರಾಪ್ ಸೆನ್ಸರ್ ಸಾಕಾ?” ಎನ್ನುತ್ತಾರೆ. ಸಂಘದ ಕಾರ್ಯಕ್ರಮಗಳಲ್ಲಿ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ನನ್ನಂಥವರಿಗೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು, ಇಲ್ಲವೇ ಮಕ್ಕಳ ಓದು ಮುಗಿದು ಈಗಷ್ಟೇ ಕೈ ಸ್ವಲ್ಪ ಸಡಿಲವಾದವರು. ಚಿತ್ರ ತೆಗೆದು ಒಂದು ರೂಪಾಯಿ ಸಂಪಾದಿಸುವ ಉದ್ದೇಶ ಯಾರಿಗೂ ಇಲ್ಲ. ಲೆಕ್ಕ ಕಷ್ಟವಾಗುವುದು ಅದಕ್ಕೇ. ಮದುವೆ ಫೋಟೋ ತೆಗೆಯುವವನಿಗೆ ಕ್ಯಾಮೆರಾ ತನ್ನ ದುಡ್ಡನ್ನು ತಾನೇ ದುಡಿದು ಕೊಡುತ್ತದೆ. ಹವ್ಯಾಸಿಗೆ ಅದು ಕೊಡುವುದು ಸಂತೋಷ ಮಾತ್ರ, ಅದೂ ಬೀರುವಿನಿಂದ ಹೊರಗೆ ಬಂದರೆ.

ಡೊಂಬಿವಲಿಯಲ್ಲಿರುವ ನನ್ನ ಪರಿಚಯದ ಹಿರಿಯರೊಬ್ಬರು ಬ್ಯಾಂಕಿನಿಂದ ನಿವೃತ್ತರಾದಾಗ ಗ್ರ್ಯಾಚ್ಯುಟಿ ಹಣದ ಒಂದು ಪಾಲನ್ನು ತೆಗೆದಿಟ್ಟು ಫುಲ್ ಫ್ರೇಮ್ ಕ್ಯಾಮೆರಾ ಕೊಂಡರು. ಜೊತೆಗೆ 200–600 ಮಿ.ಮೀ. ಲೆನ್ಸ್. ಥಾಣೆ ಖಾರಿಯ ಫ್ಲೆಮಿಂಗೋಗಳ ಚಿತ್ರ ತೆಗೆಯಬೇಕೆಂಬುದು ಅವರ ಬಹುಕಾಲದ ಆಸೆ. ಅಂಗಡಿಯವರು ಸುಳ್ಳೇನೂ ಹೇಳಿರಲಿಲ್ಲ. ಅವರು ಮಾರಿದ್ದು ಒಳ್ಳೆಯ ವಸ್ತುವನ್ನೇ. ಆದರೆ ಆ ಲೆನ್ಸ್ ಒಂದೇ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಡೊಂಬಿವಲಿಯಿಂದ ಥಾಣೆಗೆ, ಅಲ್ಲಿ ಲೋಕಲ್ ಬದಲಿಸಿ ಐರೋಲಿಗೆ, ಆಮೇಲೆ ರಿಕ್ಷಾ, ಆಮೇಲೆ ದೋಣಿ. “ಚಿತ್ರ ಚಂದ ಬರ್ತದೆ ಮಾರಾಯ್ರೇ, ಆದ್ರೆ ಹೊತ್ಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ” ಎಂದರು. ಎರಡು ಚಳಿಗಾಲ ಹೋದರು, ಮೂರನೆಯದಕ್ಕೆ ಭುಜ ನೋವು ಎಂದು ಬಿಟ್ಟರು. ಆ ಮಳೆಗಾಲದಲ್ಲಿ ಬೀರುವಿನೊಳಗೇ ಲೆನ್ಸಿಗೆ ಫಂಗಸ್ ಹಿಡಿಯಿತು.

ಇಂಥ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದಕ್ಕೆ ಕಾರಣ ಸೆನ್ಸರ್ ಬಗೆಗಿನ ಒಂದು ಅರ್ಧಸತ್ಯ: ದೊಡ್ಡದಾದಷ್ಟೂ ಒಳ್ಳೆಯದು ಎಂಬುದು. ಪೂರ್ತಿ ಸತ್ಯ ಹೇಳಬೇಕಾದರೆ ಸ್ವಲ್ಪ ಅಂಕಿಸಂಖ್ಯೆ ಬೇಕು, ಸಹಿಸಿಕೊಳ್ಳಿ.

ಫುಲ್ ಫ್ರೇಮ್ ಸೆನ್ಸರಿನ ಅಳತೆ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಎಪಿಎಸ್-ಸಿ ಎನ್ನುವುದು, ನಾವು ಸಾಮಾನ್ಯವಾಗಿ ಕ್ರಾಪ್ ಎಂದು ಕರೆಯುವುದು, ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಸುಮಾರು 23.5×15.6 ಮಿ.ಮೀ. ಇರುತ್ತದೆ. ಕ್ಯಾನನ್‌ನಲ್ಲಿ ಅದಕ್ಕಿಂತ ತುಸು ಚಿಕ್ಕದು. ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸೇರಿ ರೂಪಿಸಿದ ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ., ಫುಲ್ ಫ್ರೇಮಿನ ಕಾಲು ಭಾಗಕ್ಕೆ ಹತ್ತಿರ. ಅದರ ಕೆಳಗೆ ‘1 ಇಂಚು’ ಸೆನ್ಸರ್. ಹೆಸರು ಕೇಳಿ ಸ್ಕೇಲ್ ಹಿಡಿದು ಅಳೆಯಲು ಹೋಗಬೇಡಿ, ಅದು 13.2×8.8 ಮಿ.ಮೀ. ಅಷ್ಟೆ, ಕರ್ಣವೂ ಒಂದು ಇಂಚು ಮುಟ್ಟುವುದಿಲ್ಲ. ಹಳೆಯ ಟಿವಿ ಕ್ಯಾಮೆರಾಗಳೊಳಗೆ ಇರುತ್ತಿದ್ದ ಗಾಜಿನ ಟ್ಯೂಬಿನ ಹೊರಸುತ್ತಿನ ವ್ಯಾಸದಿಂದ ಬಂದ ಹೆಸರು ಅದು. ಟ್ಯೂಬ್ ಹೋಯಿತು, ಲೆಕ್ಕ ಉಳಿಯಿತು. ಈಗಿನ ದುಬಾರಿ ಮೊಬೈಲುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ 70 ಚದರ ಮಿ.ಮೀ. ಆಸುಪಾಸಿನದು, ಫುಲ್ ಫ್ರೇಮಿನ ಹನ್ನೆರಡನೇ ಒಂದು ಪಾಲು.

ಈ ವಿಸ್ತೀರ್ಣಕ್ಕೂ ಚಿತ್ರಕ್ಕೂ ಏನು ಸಂಬಂಧ? ಬೆಳಕು ಮಳೆಯ ಹಾಗೆ ಹನಿಹನಿಯಾಗಿ ಬೀಳುತ್ತದೆ. ಮಳೆ ಎಲ್ಲ ಕಡೆ ಒಂದೇ ಸಮನೆ ಸುರಿಯುತ್ತಿದ್ದರೂ, ಅಂಗಳದಲ್ಲಿ ಒಂದೇ ಅಳತೆಯ ಎರಡು ಲೋಟ ಇಟ್ಟರೆ ಒಂದು ಕ್ಷಣದಲ್ಲಿ ಎರಡಕ್ಕೂ ಅಷ್ಟೇ ಹನಿ ಬೀಳುವುದಿಲ್ಲ, ಆಚೀಚೆ ಆಗುತ್ತದೆ. ಸರಾಸರಿ 100 ಹನಿ ಬೀಳುವಲ್ಲಿ ಈ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಹನಿ ಬೀಳುವ ದೊಡ್ಡ ಹಂಡೆಯಲ್ಲಿ ಏರುಪೇರು ಸುಮಾರು 100, ಅಂದರೆ ನೂರಕ್ಕೆ ಒಂದು ಮಾತ್ರ. ಕತ್ತಲಲ್ಲಿ ತೆಗೆದ ಚಿತ್ರ ರವೆರವೆಯಾಗಿ ಕಾಣುವುದು ಮುಖ್ಯವಾಗಿ ಈ ಏರುಪೇರಿನಿಂದ. ಒಟ್ಟು ಹೆಚ್ಚು ಬೆಳಕು ಹಿಡಿದರೆ ರವೆ ಕಡಿಮೆ. ದೊಡ್ಡ ಸೆನ್ಸರ್ ದೊಡ್ಡ ಹಂಡೆ. ಒಂದೇ ಅಪರ್ಚರ್, ಒಂದೇ ಶಟರ್ ಇಟ್ಟರೆ ಫುಲ್ ಫ್ರೇಮ್ ಎಪಿಎಸ್-ಸಿಗಿಂತ ಎರಡೂಕಾಲು ಪಟ್ಟಿಗೂ ಸ್ವಲ್ಪ ಹೆಚ್ಚು, ಮೈಕ್ರೋ ಫೋರ್ ಥರ್ಡ್ಸ್‌ಗಿಂತ ಸುಮಾರು ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ.

ಇಲ್ಲಿಯವರೆಗೆ ಅಂಗಡಿಯವರ ಮಾತು ಸರಿ. ಆದರೆ ‘ಒಂದೇ ಅಪರ್ಚರ್ ಇಟ್ಟರೆ’ ಎಂಬ ಷರತ್ತಿನಲ್ಲೇ ಎಲ್ಲವೂ ಅಡಗಿದೆ. ಹಂಡೆಗೆ ನೀರು ಬೀಳುವುದು ಲೆನ್ಸ್ ಎಂಬ ಕಿಂಡಿಯಿಂದ. ಕಿಂಡಿ ಚಿಕ್ಕದಿದ್ದರೆ ಹಂಡೆ ಎಷ್ಟು ದೊಡ್ಡದಿದ್ದು ಏನು ಬಂತು?

ನಮ್ಮಲ್ಲಿ ಅನೇಕರ ಹಿರಿಯರ ಮನೆಗಳಲ್ಲಿ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ ಇತ್ತು. ಭಾರತದಲ್ಲೇ ತಯಾರಾಗುತ್ತಿದ್ದ, ಮಧ್ಯಮವರ್ಗದವರ ಕೈಗೆಟಕುವ ಡಬ್ಬಿ ಕ್ಯಾಮೆರಾ ಅದು. 120 ರೋಲಿನಲ್ಲಿ ಹನ್ನೆರಡು ಚಿತ್ರ, ಒಂದೊಂದು ನೆಗೆಟಿವ್ ಸುಮಾರು 56 ಮಿ.ಮೀ. ಚೌಕ. ವಿಸ್ತೀರ್ಣ ಲೆಕ್ಕ ಹಾಕಿದರೆ ಇಂದಿನ ಫುಲ್ ಫ್ರೇಮಿನ ಮೂರೂವರೆ ಪಟ್ಟು! ಆದರೂ ಅದರ ಚಿತ್ರಗಳು ಲೈಕಾದಂಥ ಪುಟ್ಟ 35 ಮಿ.ಮೀ. ಕ್ಯಾಮೆರಾದ ಚಿತ್ರಗಳಷ್ಟು ಚೂಪಾಗಿರುತ್ತಿರಲಿಲ್ಲ. ಲೆನ್ಸ್ ತೀರಾ ಸರಳ, ಕಿಂಡಿ ಸಣ್ಣದು, ಫೋಕಸ್ ತಿರುಗಿಸುವ ಅನುಕೂಲವೂ ಇಲ್ಲ. ಬಿಸಿಲಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದರೆ ಚೆನ್ನಾಗಿ ಬರುತ್ತಿತ್ತು. ಮನೆಯೊಳಗೆ ತೆಗೆದರೆ ಕತ್ತಲೇ ಗತಿ. ಸೆನ್ಸರ್ ದೊಡ್ಡದು ಎಂಬ ಒಂದೇ ಕಾರಣಕ್ಕೆ ಲೆನ್ಸಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳುವವರಿಗೆ ನಾನು ಈ ಡಬ್ಬಿಯನ್ನು ನೆನಪಿಸುತ್ತೇನೆ.

ಇನ್ನೊಂದು ತಮಾಷೆ. ಇಂದು ‘ಫುಲ್’ ಎನಿಸಿಕೊಂಡಿರುವ ಈ 36×24 ಅಳತೆ ಹುಟ್ಟಿದ್ದೇ ‘ಚಿಕ್ಕದು’ ಎಂಬ ಹೆಸರಿನಲ್ಲಿ. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್‌ಗೆ ಉಸಿರಾಟದ ತೊಂದರೆಯಿತ್ತು. ಗಾಜಿನ ಪ್ಲೇಟುಗಳ ಭಾರೀ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರಿಗೆ ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮಿನ ಎರಡು ಚೌಕಟ್ಟುಗಳನ್ನು ಕೂಡಿಸಿ ಒಂದು ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು 1914ರ ಹೊತ್ತಿಗೆ ಮಾಡಿಕೊಂಡರು. ಅದೇ 1925ರಲ್ಲಿ ಲೈಪ್ಸಿಗ್ ಮೇಳದಲ್ಲಿ ಲೈಕಾ ಆಗಿ ಮಾರುಕಟ್ಟೆಗೆ ಬಂತು. ಆಗಿನ ಗಂಭೀರ ಛಾಯಾಗ್ರಾಹಕರು ಇದನ್ನು ‘ಮಿನಿಯೇಚರ್’ ಎಂದೇ ಕರೆದರು. ಅಂದರೆ ಹೆಗಲ ಭಾರ ಇಳಿಸಲು ಹುಟ್ಟಿದ ಅಳತೆಯೇ ಇಂದು ಡೊಂಬಿವಲಿಯ ಹಿರಿಯರ ಹೆಗಲಿಗೆ ಭಾರವಾಗಿ ಕುಳಿತಿದೆ. ಎಪಿಎಸ್-ಸಿ ಕೂಡ ಹೀಗೇ ಹಳೆಯ ಹೆಸರು. 1996ರಲ್ಲಿ ಬಂದು ಬೇಗನೆ ಮರೆಯಾದ ಒಂದು ಬಗೆಯ ಫಿಲ್ಮಿನದು. ಡಿಜಿಟಲ್ ಬಂದ ಹೊಸತರಲ್ಲಿ ದೊಡ್ಡ ಸೆನ್ಸರ್ ಮಾಡುವುದು ವಿಪರೀತ ದುಬಾರಿಯಾಗಿತ್ತು. ಒಂದು ಸಿಲಿಕಾನ್ ಬಿಲ್ಲೆಯಿಂದ ಕೆಲವೇ ದೊಡ್ಡ ಚಿಪ್ಪುಗಳು ಸಿಗುತ್ತವೆ, ಎಲ್ಲಾದರೂ ಒಂದು ಸಣ್ಣ ದೋಷವಿದ್ದರೆ ದೊಡ್ಡ ಚಿಪ್ಪು ಪೂರ್ತಿ ವ್ಯರ್ಥ. ಅದಕ್ಕೇ ಕಂಪನಿಗಳು ಚಿಕ್ಕದರಿಂದ ಆರಂಭಿಸಿದವು.

ಈಗ ನಮ್ಮ ಊರಿನ ಉದಾಹರಣೆಗೆ ಬರೋಣ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳು ಮುಂಬಯಿ ತಿರುಗಾಟಕ್ಕೆ ಬರುವುದು ನಿಮಗೆ ಗೊತ್ತೇ ಇದೆ. ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಮಾಟುಂಗಾದ ಮೈಸೂರು ಅಸೋಸಿಯೇಶನ್, ಹೀಗೆ ಒಂದಲ್ಲ ಒಂದು ಕಡೆ ಆಟ. ಹವ್ಯಾಸಿ ಛಾಯಾಗ್ರಾಹಕನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ವೇದಿಕೆಯ ದೀಪ ಕಣ್ಣಿಗೆ ಪ್ರಖರವಾಗಿ ಕಂಡರೂ ಕ್ಯಾಮೆರಾಕ್ಕೆ ಮಂದವೇ. ಮುಖದ ಬಣ್ಣ ಗಾಢ, ಕಿರೀಟದ ಮಿನುಗು ಎದ್ದು ಹೊಡೆಯುತ್ತದೆ, ಹಿಂದಿನ ಪರದೆ ಕಪ್ಪು. ಫ್ಲಾಶ್ ಹಾಕಿದರೆ ಕಲಾವಿದರಿಗೂ ತೊಂದರೆ, ಪ್ರೇಕ್ಷಕರಿಗೂ ಕಿರಿಕಿರಿ. ಭಾಗವತರ ಪದ ಏರಿ, ಚೆಂಡೆಯ ಪೆಟ್ಟು ಬಿಗಿಯಾಗಿ, ವೇಷಧಾರಿ ದಿಗಿಣ ಹಾರಲು ತೊಡಗಿದರೆ 1/500 ಸೆಕೆಂಡಾದರೂ ಶಟರ್ ಬೇಕು. ಇಲ್ಲದಿದ್ದರೆ ಕೈಕಾಲು ಮಸುಕು.

ಇಂಥ ಸಭಾಂಗಣಗಳಲ್ಲಿ ಎಫ್/2.8ರಲ್ಲಿ, 1/500 ಸೆಕೆಂಡಿನಲ್ಲಿ, ಐಎಸ್ಒ 3200ರ ಆಸುಪಾಸು ಬೇಕಾಗುತ್ತದೆ ಎಂಬುದು ನನ್ನ ಅನುಭವ. ಈಗ ಇಬ್ಬರು ಹವ್ಯಾಸಿಗಳನ್ನು ಪಕ್ಕಪಕ್ಕ ಕೂರಿಸಿ. ಒಬ್ಬನ ದುಡ್ಡೆಲ್ಲ ಫುಲ್ ಫ್ರೇಮ್ ಬಾಡಿಗೇ ಮುಗಿದು, ಅದರ ಜೊತೆ ಸಿಗುವ 24–105 ಎಫ್/4–7.1 ಕಿಟ್ ಲೆನ್ಸಿನಲ್ಲಿ ಕೂತಿದ್ದಾನೆ. ಇನ್ನೊಬ್ಬ ಸಾಧಾರಣ ಎಪಿಎಸ್-ಸಿ ಬಾಡಿಗೆ 85 ಮಿ.ಮೀ. ಎಫ್/1.8 ಲೆನ್ಸ್ ಹಾಕಿದ್ದಾನೆ. ಮೊದಲನೆಯವನು ಜೂಮ್ ಪೂರ್ತಿ ಎಳೆದರೆ ಎಫ್/7.1. ಅವನಿಗೆ ಐಎಸ್ಒ 20,000 ಬೇಕು. ಎರಡನೆಯವನಿಗೆ 1300 ಸಾಕು. ಇಬ್ಬರ ಶಟರ್ ಒಂದೇ. ಸೆನ್ಸರ್ ದೊಡ್ಡದಾದದ್ದಕ್ಕೆ ಮೊದಲನೆಯವನಿಗೆ ಸಿಗುವ ರಿಯಾಯಿತಿಯನ್ನು ಕಳೆದರೂ, ಚಿಕ್ಕ ಸೆನ್ಸರಿನವನು ಸುಮಾರು ಆರು ಪಟ್ಟು ಹೆಚ್ಚು ಬೆಳಕು ಹಿಡಿದಿರುತ್ತಾನೆ. ಬೆಳಗಿನ ಜಾವ ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಮಹಿಷಾಸುರನ ಮುಖದ ಬಣ್ಣದ ಗೆರೆಗಳು ಯಾರ ಚಿತ್ರದಲ್ಲಿ ಉಳಿದಿರುತ್ತವೆ ಎಂದು ಹೇಳಬೇಕಿಲ್ಲ.

ಹಾಗೆಂದು ಫುಲ್ ಫ್ರೇಮ್ ಬೇಡವೇ ಬೇಡ ಎನ್ನುವ ಹಟ ನನಗಿಲ್ಲ. ವಾರವಾರವೂ ಆಟ ನೋಡಲು ಹೋಗುವವರು, ಕತ್ತಲಲ್ಲೇ ಹೆಚ್ಚು ಚಿತ್ರ ತೆಗೆಯುವವರು, ಅದರ ಜೊತೆ 70–200 ಎಫ್/2.8ರಂಥ ಲೆನ್ಸಿಗೂ ಹಣ ಎತ್ತಿಡಬಲ್ಲವರು ಕಣ್ಣು ಮುಚ್ಚಿ ಫುಲ್ ಫ್ರೇಮ್ ತೆಗೆದುಕೊಳ್ಳಲಿ. ಅಲ್ಲಿ ಅದಕ್ಕೆ ಸಾಟಿ ಇಲ್ಲ. ಬಾಡಿಗೂ ಲೆನ್ಸಿಗೂ ಸೇರಿಸಿ ಇಟ್ಟ ಹಣದಲ್ಲಿ ಬಾಡಿಯೇ ಮುಕ್ಕಾಲು ಪಾಲು ನುಂಗುವುದಾದರೆ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯುವುದು ಲಾಭ.

ಇನ್ನು ಹಕ್ಕಿ. ಫ್ಲೆಮಿಂಗೋ ಹುಚ್ಚು ಮುಂಬಯಿಯಲ್ಲಿ ಎಷ್ಟಿದೆಯೆಂದರೆ ಚಳಿಗಾಲದ ಶನಿವಾರ-ಭಾನುವಾರ ಐರೋಲಿಯ ಅರಣ್ಯ ಇಲಾಖೆಯ ಕೇಂದ್ರದಿಂದ ಹೊರಡುವ ದೋಣಿಯಲ್ಲಿ ಜಾಗ ಸಿಕ್ಕರೆ ಪುಣ್ಯ. ದೋಣಿ ಹೊರಡುವ ಹೊತ್ತು ಸಮುದ್ರದ ಉಬ್ಬರವನ್ನು ಅವಲಂಬಿಸಿದೆ, ಆದ್ದರಿಂದ ಬೆಳಗಿನ ಹೊಂಬೆಳಕೇ ಸಿಗುತ್ತದೆಂಬ ಭರವಸೆ ಇಲ್ಲ. ಹೆಚ್ಚಾಗಿ ಒಳ್ಳೆಯ ಬಿಸಿಲಲ್ಲೇ ಚಿತ್ರ ತೆಗೆಯುತ್ತೀರಿ. ಫಿಲ್ಮ್ ಕಾಲದವರ ಹಳೆಯ ಸೂತ್ರ ನೆನಪಿದೆಯೇ? ಸ್ವಚ್ಛ ಬಿಸಿಲಲ್ಲಿ ಎಫ್/16 ಇಟ್ಟು, ಶಟರನ್ನು ಫಿಲ್ಮಿನ ವೇಗಕ್ಕೆ ಸಮನಾಗಿ ಇಡುವುದು. ಅದರಂತೆ ಲೆಕ್ಕ ಹಾಕಿದರೆ ಎಫ್/5.6, 1/1600 ಸೆಕೆಂಡ್, ಐಎಸ್ಒ 200. ಹಾರುವ ಹಕ್ಕಿಗೂ ಇಷ್ಟು ಸಾಕು. ಐಎಸ್ಒ 200ರಲ್ಲಿ ಯಾವ ಸೆನ್ಸರಿನ ಚಿತ್ರದಲ್ಲೂ ರವೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹಿರಿಯರು ಭುಜ ನೋಯಿಸಿಕೊಂಡು ಹೊತ್ತ ದೊಡ್ಡ ಸೆನ್ಸರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಹಕ್ಕಿ ದೂರದಲ್ಲಿದ್ದಾಗ ಚಿಕ್ಕ ಸೆನ್ಸರಿಗೆ ಇನ್ನೊಂದು ಅನುಕೂಲವೂ ಇದೆ. 24 ಮೆಗಾಪಿಕ್ಸೆಲ್ಲಿನ ಎರಡು ಕ್ಯಾಮೆರಾ, ಒಂದು ಫುಲ್ ಫ್ರೇಮ್, ಒಂದು ಎಪಿಎಸ್-ಸಿ, ಎರಡಕ್ಕೂ ಅದೇ 300 ಮಿ.ಮೀ. ಲೆನ್ಸ್ ಹಾಕಿ ಅದೇ ಹಕ್ಕಿಯನ್ನು ತೆಗೆಯಿರಿ. ಫುಲ್ ಫ್ರೇಮಿನ ಚಿತ್ರದ ಅಂಚು ಕತ್ತರಿಸಿ ಹಕ್ಕಿಯನ್ನು ಅಷ್ಟೇ ದೊಡ್ಡದು ಮಾಡಿದರೆ ಉಳಿಯುವುದು 10–11 ಮೆಗಾಪಿಕ್ಸೆಲ್. ಎಪಿಎಸ್-ಸಿಯಲ್ಲಿ 24 ಪೂರ್ತಿ ಇರುತ್ತದೆ. ಕ್ರಾಪ್ ಎಂದು ಮೂಗು ಮುರಿಯುವವರು ಹಕ್ಕಿಯ ಚಿತ್ರಕ್ಕೆ ಹೇಗೂ ತಾವೇ ಕ್ರಾಪ್ ಮಾಡುತ್ತಾರೆ.

ಸೆನ್ಸರ್ ಗಾತ್ರದ ಗುಟ್ಟು ಸ್ಪಷ್ಟವಾಗಿ ಕಾಣಬೇಕಾದರೆ ಮೂರು ನಿಜವಾದ ಸಾಮಾನುಗಳನ್ನು ಒಟ್ಟಿಗಿಟ್ಟು ನೋಡಬೇಕು. ಕ್ಯಾನನ್ 2020ರಲ್ಲಿ ಫುಲ್ ಫ್ರೇಮಿಗೆಂದು 600 ಮಿ.ಮೀ. ಎಫ್/11 ಲೆನ್ಸ್ ತಂದಿತು. ತೂಕ 930 ಗ್ರಾಂ. ಪ್ಯಾನಾಸೋನಿಕ್‌ನ ಮೈಕ್ರೋ ಫೋರ್ ಥರ್ಡ್ಸ್ 100–300 ಮಿ.ಮೀ. ಲೆನ್ಸ್ ತುದಿಯಲ್ಲಿ ಎಫ್/5.6, ತೂಕ 520 ಗ್ರಾಂ. ಅದರ 300, ಫುಲ್ ಫ್ರೇಮಿನ 600ರಷ್ಟೇ ಹತ್ತಿರ ಎಳೆಯುತ್ತದೆ. ಸೋನಿಯ ಆರ್‌ಎಕ್ಸ್10 ಮಾರ್ಕ್ 4 ಎಂಬ 1 ಇಂಚಿನ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಲು ಬರುವುದಿಲ್ಲ. ತುದಿಯಲ್ಲಿ ಅದು 220 ಮಿ.ಮೀ. ಎಫ್/4, ಅದೂ ಫುಲ್ ಫ್ರೇಮಿನ 600ಕ್ಕೆ ಸಮ. ಕ್ಯಾಮೆರಾ-ಲೆನ್ಸ್ ಸೇರಿ ತೂಕ 1.1 ಕಿಲೋ. ಈಗ ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿ, ಕಿಂಡಿಯ ವ್ಯಾಸ ಸಿಗುತ್ತದೆ. 600ನ್ನು 11ರಿಂದ, 300ನ್ನು 5.6ರಿಂದ, 220ನ್ನು 4ರಿಂದ. ಮೂರಕ್ಕೂ ಉತ್ತರ 54, 55 ಮಿ.ಮೀ. ಆಸುಪಾಸು! ಅಂದರೆ ಒಂದೇ ಹಕ್ಕಿಯಿಂದ ಮೂರೂ ಕ್ಯಾಮೆರಾ ಹಿಡಿಯುವ ಒಟ್ಟು ಬೆಳಕು ಒಂದೇ. ಫುಲ್ ಫ್ರೇಮಿನವನು ಐಎಸ್ಒ 1600 ಇಡುವಲ್ಲಿ ಮೈಕ್ರೋ ಫೋರ್ ಥರ್ಡ್ಸ್‌ನವನು 400 ಇಡುತ್ತಾನೆ. ಚಿತ್ರದ ರವೆ ಹೆಚ್ಚುಕಡಿಮೆ ಅಷ್ಟೇ. ಫೋಕಸ್ಸಿನ ಚುರುಕು, ಲೆನ್ಸಿನ ಚೂಪು ಬೇರೆ ಬೇರೆ ಇರಬಹುದು, ಆದರೆ ಸೆನ್ಸರ್ ಗಾತ್ರದಿಂದ ಇಲ್ಲಿ ಯಾರಿಗೂ ಏನೂ ಸಿಗಲಿಲ್ಲ.

ಇದರಿಂದ ಎದುರು ದಿಕ್ಕಿನ ಪಾಠವೂ ಸಿಗುತ್ತದೆ, ಅದನ್ನೂ ಮುಚ್ಚಿಡಬಾರದು. ಚಿಕ್ಕ ಸೆನ್ಸರಿನವರು “ನಮ್ಮ ಎಫ್/2.8 ಲೆನ್ಸ್ ಎಷ್ಟು ಹಗುರ ನೋಡಿ” ಎಂದು ಬೀಗುವುದುಂಟು. ಮೈಕ್ರೋ ಫೋರ್ ಥರ್ಡ್ಸ್‌ನ ಎಫ್/2.8 ಒಟ್ಟು ಬೆಳಕಿನ ಲೆಕ್ಕದಲ್ಲಿ ಫುಲ್ ಫ್ರೇಮಿನ ಎಫ್/5.6ಕ್ಕೆ ಸಮ. ಹಗುರವಾಗಿರುವುದು ಜಾದೂವಿನಿಂದಲ್ಲ, ಕಡಿಮೆ ಬೆಳಕು ಸಾಕೆಂದು ಒಪ್ಪಿಕೊಂಡದ್ದರಿಂದ. ಬಿಸಿಲಲ್ಲಿ ಅದು ಒಳ್ಳೆಯ ವ್ಯಾಪಾರ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಮರಗಳಡಿ, ಬೆಳಗ್ಗೆ ಏಳಕ್ಕೆ ಹಕ್ಕಿ ಹುಡುಕಿದರೆ ಕೊರತೆ ಎದ್ದು ಕಾಣುತ್ತದೆ. ಮೂಡಿಗೆರೆಯ ತೋಟ-ಕಾಡುಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದದ್ದು ಫಿಲ್ಮಿನ ಕಾಲದಲ್ಲಿ. ಐಎಸ್ಒ ಏರಿಸುವ ಗುಂಡಿಯೇ ಆಗ ಇರಲಿಲ್ಲ. ತಾಳ್ಮೆಯಿಂದ ಹಕ್ಕಿಯ ಹತ್ತಿರ ಹೋಗುವುದು, ಬೆಳಕು ಬರುವವರೆಗೆ ಕಾಯುವುದು, ಎರಡೇ ದಾರಿ. ಆ ದಾರಿಗಳು ಈಗಲೂ ಮುಚ್ಚಿಲ್ಲ, ಖರ್ಚೂ ಇಲ್ಲ.

ಮನೆಯೊಳಗಿನ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ಸತ್ಯನಾರಾಯಣ ಪೂಜೆ ಮುಗಿಯಿತು, ಹದಿನೈದು ಮಂದಿ ಎರಡು ಸಾಲಾಗಿ ನಿಂತಿದ್ದಾರೆ. ಫುಲ್ ಫ್ರೇಮಿನಲ್ಲಿ ಎಫ್/2.8 ಇಟ್ಟರೆ ಮುಂದೆ ಕೂತ ಅಜ್ಜಿ ಸ್ಪಷ್ಟ, ಹಿಂದೆ ನಿಂತ ಅಳಿಯ ಮಸುಕು. ಅಳಿಯ ಮುನಿಸಿಕೊಳ್ಳುವ ಮೊದಲು ನೀವು ಎಫ್/5.6ಕ್ಕೆ ಹೋಗುತ್ತೀರಿ. ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಐಎಸ್ಒ ನಾಲ್ಕು ಪಟ್ಟು ಏರುತ್ತದೆ. ಮೈಕ್ರೋ ಫೋರ್ ಥರ್ಡ್ಸ್‌ನವನಿಗೆ ಎಫ್/2.8ರಲ್ಲೇ ಎರಡೂ ಸಾಲು ಸಿಗುತ್ತವೆ. ಇಬ್ಬರ ಚಿತ್ರವೂ ಒಂದೇ. ಎಲ್ಲವೂ ಸ್ಪಷ್ಟವಾಗಿ ಕಾಣಬೇಕಾದ ಕಡೆ ದೊಡ್ಡ ಸೆನ್ಸರಿನ ಲಾಭ ಕರಗಿಹೋಗುತ್ತದೆ. ಹಿನ್ನೆಲೆ ಮಸುಕಾಗಲಿ, ಮುಖ ಮಾತ್ರ ಎದ್ದು ಕಾಣಲಿ ಎನ್ನುವವರಿಗೆ ಅದು ಉಳಿಯುತ್ತದೆ. ಅಂದಹಾಗೆ, ಮನೆಯ ಗುಂಪುಚಿತ್ರಕ್ಕೆ ಸೆನ್ಸರಿಗಿಂತ ಒಳ್ಳೆಯ ಮದ್ದು ಒಂದು ಸಾಧಾರಣ ಫ್ಲಾಶ್. ಅದರ ತಲೆಯನ್ನು ಬಿಳಿ ಸೀಲಿಂಗಿನತ್ತ ತಿರುಗಿಸಿ ಹೊಡೆಯಿರಿ. ಮುಂಬಯಿಯ ಫ್ಲ್ಯಾಟುಗಳ ಸೀಲಿಂಗ್ ತಗ್ಗು, ಇದೊಂದಕ್ಕಾದರೂ ಅದು ಉಪಕಾರ.

ಅಲುಗಾಡದ ವಸ್ತುಗಳಿಗೆ ಲೆಕ್ಕ ಮತ್ತೆ ಬೇರೆ. ಎಲಿಫೆಂಟಾದ ಗುಹೆಯೊಳಗೆ ತ್ರಿಮೂರ್ತಿಯ ಮುಂದೆ ನಿಂತರೆ ಬೆಳಕು ಕಡಿಮೆ ನಿಜ, ಆದರೆ ಶಿಲ್ಪ ಎಲ್ಲಿಗೂ ಓಡುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಆದರೆ ಕೈನಡುಕ ತಡೆಯುವ ವ್ಯವಸ್ಥೆ ಬಾಡಿಯೊಳಗೇ ಇರುವ ಕ್ಯಾಮೆರಾದಲ್ಲಿ ಉಸಿರು ಬಿಗಿಹಿಡಿದು ಕಾಲು ಸೆಕೆಂಡಿಗೂ ತೆಗೆಯಬಹುದು. ಈ ವಿಷಯದಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳು ಮೊದಲಿನಿಂದ ಗಟ್ಟಿ. ಮೊಬೈಲುಗಳೂ ಇಂಥಲ್ಲಿ ಚೆನ್ನಾಗಿ ಗೆಲ್ಲುತ್ತವೆ. ಒಂದು ಚಿತ್ರದ ಹೆಸರಿನಲ್ಲಿ ಹಲವು ಚಿತ್ರ ತೆಗೆದು ಕೂಡಿಸಿ, ಸೆನ್ಸರಿನ ಕೊರತೆಯನ್ನು ತುಂಬಿಕೊಳ್ಳುತ್ತವೆ. ದಿಗಿಣದ ಮುಂದೆ ಮಾತ್ರ ಆ ಜಾಣತನ ನಡೆಯುವುದಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಕೇಳಿದವರಿಗೆ ನಾನು ಮೊದಲು ಹೇಳುವುದು, ಹೋದ ವರ್ಷ ನೀವು ತೆಗೆದ ಚಿತ್ರಗಳನ್ನು, ಮೊಬೈಲಿನದ್ದಾದರೂ ಸರಿ, ಒಂದು ಭಾನುವಾರ ಕೂತು ನೋಡಿ ಎಂದು. ನಿಮಗೇ ಇಷ್ಟವಾದ ಐವತ್ತನ್ನು ಆರಿಸಿ. ಪ್ರತಿಯೊಂದು ಚಿತ್ರದ ಜೊತೆ ಐಎಸ್ಒ, ಶಟರ್, ಫೋಕಲ್ ಲೆಂಗ್ತ್ ದಾಖಲಾಗಿರುತ್ತದೆ. ಐವತ್ತರಲ್ಲಿ ನಲವತ್ತು ಹಗಲಿನದ್ದೇ ಆಗಿದ್ದರೆ ಫುಲ್ ಫ್ರೇಮಿನ ಆಸೆ ಬಿಡಬಹುದು. ಅರ್ಧಕ್ಕರ್ಧ ಸಭಾಂಗಣ, ದೀಪಾವಳಿ, ಗಣಪತಿ ವಿಸರ್ಜನೆಯ ರಾತ್ರಿಗಳಾಗಿದ್ದರೆ ದೊಡ್ಡ ಸೆನ್ಸರ್ ಮತ್ತು ಅದಕ್ಕೆ ತಕ್ಕ ಲೆನ್ಸಿನ ಬಗ್ಗೆ ಯೋಚಿಸಿ. ಎಲ್ಲವೂ ಪ್ರವಾಸ, ಮೊಮ್ಮಕ್ಕಳು, ಊರಿನ ಜಾತ್ರೆ ಎಂದಾದರೆ 1 ಇಂಚಿನ ಪುಟ್ಟ ಕ್ಯಾಮೆರಾ ಸಾಕು. 2012ರಲ್ಲಿ ಬಂದ ಮೊದಲ ಆರ್‌ಎಕ್ಸ್100 ಬರೀ 240 ಗ್ರಾಂ ಇತ್ತು, ಪ್ಯಾಂಟಿನ ಜೇಬಿನಲ್ಲಿ ಕೂರುತ್ತಿತ್ತು.

ಆಮೇಲೆ, ಆ ಚಿತ್ರಗಳು ಕೊನೆಗೆ ಸೇರುವುದು ಎಲ್ಲಿಗೆ ಎಂದು ಕೇಳುತ್ತೇನೆ. ನಮ್ಮ ಸಂಘಗಳ ಸ್ಮರಣ ಸಂಚಿಕೆಯಲ್ಲಿ ಪೂರ್ತಿ ಎ4 ಪುಟಕ್ಕೆ ಅಚ್ಚಾಗಲು 8.7 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿಯ ಪರದೆ 8.3 ಮೆಗಾಪಿಕ್ಸೆಲ್. ಗೋಡೆಗೆ 12×18 ಇಂಚಿನ ಪ್ರಿಂಟ್ ಹಾಕಿಸಿದರೂ 19 ಚಿಲ್ಲರೆ. ವಾಟ್ಸಾಪಿನಲ್ಲಿ ಹೋಗುವ ಚಿತ್ರವಂತೂ ದಾರಿಯಲ್ಲೇ ಹಿಂಡಿ ಹಿಪ್ಪೆಯಾಗುತ್ತದೆ, ಅಲ್ಲಿ ಸೆನ್ಸರ್ ಯಾವುದೆಂದು ಬ್ರಹ್ಮನಿಗೂ ತಿಳಿಯದು. ಆಗ್ಫಾ ಕ್ಲಿಕ್ಕಿನ ಚಿತ್ರಗಳು ನಮ್ಮ ಅಜ್ಜನ ಆಲ್ಬಮ್ಮಿನಲ್ಲಿ ಇಂದಿಗೂ ಚಂದ ಕಾಣುವುದು ಅವು ಅಂಗೈಯೊಳಗೆ ಹಿಡಿಯುವಷ್ಟೇ ಇರುವುದರಿಂದ.

ಮೂರನೆಯದು ತೂಕ. ಇದನ್ನು ಅಂಗಡಿಯಲ್ಲಿ ನಿರ್ಧರಿಸಲಾಗದು. ಅಲ್ಲಿ ಐದು ನಿಮಿಷ ಕೈಯಲ್ಲಿ ಹಿಡಿದರೆ ಎಲ್ಲವೂ ಹಗುರವೇ. ಫುಲ್ ಫ್ರೇಮ್ ಬಾಡಿ, ಎರಡು ಎಫ್/2.8 ಜೂಮ್ ಸೇರಿದರೆ ಎರಡೂವರೆಯಿಂದ ಮೂರು ಕಿಲೋ. ಮನೆಯಲ್ಲಿ ಅಷ್ಟು ತೂಕದ ಅಕ್ಕಿಯನ್ನು ಚೀಲಕ್ಕೆ ಹಾಕಿ, ನೀರಿನ ಬಾಟಲಿಯೂ ಇಟ್ಟುಕೊಂಡು, ದಾದರ್‌ನಲ್ಲಿ ಒಮ್ಮೆ ರೈಲು ಬದಲಿಸಿ ಬನ್ನಿ. ಬೆಳಗಿನ ಎಂಟೂವರೆಯ ಜನಜಂಗುಳಿಯಲ್ಲಿ. ನಗಬೇಡಿ, ಈ ಪರೀಕ್ಷೆ ಮಾಡಿ ನೋಡಿದ ಇಬ್ಬರು ತಮ್ಮ ಪಟ್ಟಿ ಬದಲಿಸಿದ್ದಾರೆ.

“ಈಗ ಕ್ರಾಪ್ ತಗೊಂಡು, ಮುಂದೆ ಫುಲ್ ಫ್ರೇಮಿಗೆ ಹೋದರಾಯಿತು, ಲೆನ್ಸ್ ಮಾತ್ರ ಫುಲ್ ಫ್ರೇಮಿನದ್ದೇ ಕೊಂಡಿಡುತ್ತೇನೆ” ಎನ್ನುವವರಿದ್ದಾರೆ. ದೂರದ ಲೆನ್ಸಿಗೆ ಈ ಮಾತು ಸರಿ, ಏಕೆಂದರೆ ಅಲ್ಲಿ ಗಾತ್ರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅಗಲ ಕೋನದ ಲೆನ್ಸಿನಲ್ಲಿ ಇದು ನಷ್ಟದ ವ್ಯಾಪಾರ. ಫುಲ್ ಫ್ರೇಮಿನ 24 ಮಿ.ಮೀ. ಕ್ರಾಪ್ ಬಾಡಿಯ ಮೇಲೆ 36ರ ಹಾಗೆ ವರ್ತಿಸುತ್ತದೆ. ಮನೆಯೊಳಗೆ ಎಲ್ಲರನ್ನೂ ಹಿಡಿಸಲು ಹಿಂದೆ ಹಿಂದೆ ಹೋಗಿ ಬೆನ್ನು ಗೋಡೆಗೆ ತಾಗುತ್ತದೆ.

ಹೊಸದೇ ಬೇಕೆಂಬ ಹಟವಿಲ್ಲದಿದ್ದರೆ ಸಿಎಸ್‌ಎಂಟಿ ಪಕ್ಕದ ಬೋರಾ ಬಜಾರಿಗೆ ಹೋಗಿ. ಎಲ್ಲರೂ ಮಿರರ್‌ಲೆಸ್ ಕಡೆ ಓಡುತ್ತಿರುವುದರಿಂದ ಒಳ್ಳೆಯ ಎಪಿಎಸ್-ಸಿ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಗಿವೆ. ಹೋಗುವಾಗ ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಲೆನ್ಸಿನ ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಎಫ್/16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಕೊಂಡ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಅಗ್ಗದ ತೇವಾಂಶ ಮಾಪಕ. ಮುಳ್ಳು 40ರಿಂದ 50ರೊಳಗೆ ಇರಲಿ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲೇ ಇಟ್ಟು ಬೀರುವಿಗೆ ಸೇರಿಸಬೇಡಿ.

ಡೊಂಬಿವಲಿಯ ಹಿರಿಯರು ಫಂಗಸ್ ತೆಗೆಸಿ, ಬಾಡಿ-ಲೆನ್ಸ್ ಎರಡನ್ನೂ ಮಾರಿದರು. ಈಗ ಅವರ ಬಳಿ ಮೈಕ್ರೋ ಫೋರ್ ಥರ್ಡ್ಸ್ ಬಾಡಿ ಮತ್ತು 100–300. ಎಲ್ಲ ಸೇರಿ ಒಂದು ಕಿಲೋ. ಸಂಜೆ ತಡವಾದರೆ ಚಿತ್ರ ರವೆಯಾಗುತ್ತದೆಂದು ಗೊಣಗುತ್ತಾರೆ, ಆದರೆ ಹೋದ ಚಳಿಗಾಲ ಏಳು ಸಲ ಐರೋಲಿಗೆ ಹೋಗಿ ಬಂದಿದ್ದಾರೆ.

ಜುಲೈಯಲ್ಲಿ ಮೇಳಗಳು ಬರುತ್ತವೆ. ಎರಡು ಮನಸ್ಸಿನಲ್ಲಿರುವವರು ಅಷ್ಟರೊಳಗೆ ಕೊಳ್ಳಬೇಡಿ. ಮುಂಬಯಿ, ಪುಣೆ ಎರಡೂ ಕಡೆ ಕ್ಯಾಮೆರಾ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ. ಒಂದು ಫುಲ್ ಫ್ರೇಮ್, ಒಂದು ಎಪಿಎಸ್-ಸಿ ತಂದು, ಅದೇ ಆಟದಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಅದೇ ವೇಷದ ಚಿತ್ರ ತೆಗೆಯಿರಿ. ನಡುವಿನ ಸಾಲಿನಲ್ಲಿ ಜಾಗ ಬೇಕಿದ್ದರೆ ಮಾತ್ರ ಅರ್ಧ ಗಂಟೆ ಮೊದಲೇ ಹೋಗಿ.